ಸುರೇಬಾನದ ಬೆಳದಿಂಗಳು

ಇಂದ್ರಕೀಲ ಪರ್ವತದಲ್ಲಿ ಒಂದು ಹಂದಿ ಸತ್ತ ಕಥೆ ನಮಗೆಲ್ಲ ಗೊತ್ತು. ಅರ್ಜುನನ ಬಾಣವೂ ಕಿರಾತನ ಬಾಣವೂ ಒಟ್ಟಿಗೇ ನಾಟಿದವು; ಕೊಂದವನು ನಾನು ಎಂದು ಇಬ್ಬರೂ ಹಟ ಹಿಡಿದರು. ಆ ಪರ್ವತ ತಮ್ಮ ಕನಕದುರ್ಗೆಯ ಗುಡ್ಡವೇ ಎನ್ನುತ್ತಾರೆ ಬೆಜವಾಡದವರು. ಗುಡ್ಡದ ಬುಡದಲ್ಲಿ ಹರಿಯುವ ಕೃಷ್ಣೆಯಲ್ಲಿ ನಮ್ಮ ಮಲಪ್ರಭೆಯ ನೀರೂ ಇದೆ, ಕೂಡಲಸಂಗಮದಲ್ಲಿ ಬಂದು ಕೂಡಿದ್ದು. ಆ ನೀರಿನ ಜಾಡು ಹಿಡಿದು ಮೇಲಕ್ಕೆ ಹೋದರೆ ರಾಮದುರ್ಗ, ಅದರಾಚೆ ಸುರೇಬಾನ. 1858ರ ಮೇ 29ರ ರಾತ್ರಿ ಅಲ್ಲಿ ಸತ್ತ ಮನುಷ್ಯನ ಮೈಯಲ್ಲೂ ಎರಡು ಬಾಣಗಳಿವೆ. ಒಂದು ಇಂಗ್ಲಿಷರು ಹೇಳಿದ ಕಥೆ, ಇನ್ನೊಂದು ನಾವು ಹೇಳಿಕೊಂಡು ಬಂದದ್ದು.

ಸತ್ತವನು ಮ್ಯಾನ್ಸನ್, ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟ್. ಹಿಂದೆ ಇನಾಂ ಕಮಿಷನ್‌ನಲ್ಲಿ ಕೆಲಸ ಮಾಡಿದ್ದವನು. ಊರೂರಿನ ಇನಾಂದಾರರ ಸನ್ನದುಗಳನ್ನು ಕೆದಕಿ ಭೂಮಿ ಕಸಿದ ಆ ಕಚೇರಿಯ ಹೆಸರು ಕೇಳಿದರೆ ಈ ಸೀಮೆಯವರ ಮೈ ಉರಿಯುತ್ತಿತ್ತು. ಕೊಲ್ಲಿಸಿದವನು ನರಗುಂದದ ಬಾಬಾಸಾಹೇಬ, ಭಾಸ್ಕರರಾವ್ ಭಾವೆ. ದತ್ತು ತೆಗೆದುಕೊಳ್ಳಲು ಕಂಪನಿ ಸರ್ಕಾರ ಒಪ್ಪದೆ ಸಂಸ್ಥಾನವೇ ಕೈತಪ್ಪುವ ಭಯದಲ್ಲಿದ್ದವನು. ಮಲಗಿದ್ದ ಅಧಿಕಾರಿಯನ್ನು ವಂಚನೆಯಿಂದ ಕೊಂದರು ಎಂದು ಇಂಗ್ಲಿಷರು ಬರೆದರು. ವೈರಿಯ ರುಂಡವನ್ನು ನರಗುಂದದ ಊರಬಾಗಿಲಾದ ಕೆಂಪಗಸಿಗೆ ತೂಗುಹಾಕಿದ ಶೌರ್ಯವನ್ನು ನಾವು ಹಾಡಿದೆವು, ನಾಟಕ ಆಡಿದೆವು.

ಇವೆರಡರ ನಡುವಿನ ಜಗಳ ಆ ಕೃತ್ಯವನ್ನು ಏನೆಂದು ಕರೆಯಬೇಕು ಎಂಬುದಕ್ಕೆ ಮಾತ್ರ. ಕೊಲೆಯೆನ್ನಿ, ಯುದ್ಧವೆನ್ನಿ, ನಡೆದದ್ದೇನೆಂಬುದು ಎಲ್ಲರಿಗೂ ಗೊತ್ತಿದೆ ಎಂಬ ನಂಬಿಕೆ ಎರಡೂ ಕಡೆ ಗಟ್ಟಿಯಾಗಿ ಕೂತಿದೆ. ನನ್ನ ತಕರಾರು ಈ ನಂಬಿಕೆಯ ಮೇಲೆಯೇ. ಹೆಸರಿನ ಜಗಳದಲ್ಲಿ ನನಗೆ ಸಂಶಯವಿಲ್ಲ: ರಾಜ್ಯ ಕಳೆದುಕೊಳ್ಳಲಿದ್ದವನು ರಾಜ್ಯ ಕಸಿಯುವವರ ಮೇಲೆ ಎದ್ದದ್ದು ಬಂಡಾಯವೇ. ಆದರೆ ಆ ರಾತ್ರಿಯ ಕೊನೆಯ ಕೆಲವು ತಾಸುಗಳು ನಮಗೆ ಗೊತ್ತಿವೆ ಎಂದು ನಾನು ಒಪ್ಪುವುದಿಲ್ಲ.

ಎಲ್ಲರೂ ಹೇಳುವ ಕಥೆ ಹೀಗಿದೆ. ಮ್ಯಾನ್ಸನ್ ರಾಮದುರ್ಗಕ್ಕೆ ಬಂದ. ಅಲ್ಲಿನ ಅರಸ ಬಾಬಾಸಾಹೇಬನ ಮಲಸೋದರ. ಮುಂದೆ ಹೋಗಬೇಡಿರೆಂದು ಎಚ್ಚರಿಸಿದ. ಮ್ಯಾನ್ಸನ್ ಕೇಳಲಿಲ್ಲ. ದಂಡು ಕಳಿಸುವಂತೆ ಕರ್ನಲ್ ಮಾಲ್ಕಮ್‌ಗೆ ಬರೆದು, ಬೆರಳೆಣಿಕೆಯ ಸವಾರರೊಂದಿಗೆ ಪಲ್ಲಕ್ಕಿಯಲ್ಲಿ ಹೊರಟ. ರಾತ್ರಿ ಸುರೇಬಾನದಲ್ಲಿ ತಂಗಿದ. ದಣಿದ ಜನ ನಿದ್ದೆಹೋದರು. ನಡುರಾತ್ರಿ ಏಳೆಂಟು ನೂರು ಮಂದಿಯೊಡನೆ ಬಾಬಾಸಾಹೇಬ ಬಂದೆರಗಿದ. ಎಚ್ಚೆತ್ತ ಮ್ಯಾನ್ಸನ್ ಪಿಸ್ತೂಲು ಹಾರಿಸಿದ, ಬಿದ್ದ, ಅವನ ತಲೆ ಕಡಿದರು.

ಕಥೆ ಓದಲು ಸರಾಗವಾಗಿದೆ. ಪ್ರತಿಯೊಂದು ಸಾಲನ್ನೂ ಯಾರು ನೋಡಿ ಹೇಳಿದರು ಎಂದು ಕೇಳಿದೊಡನೆ ಅದು ಬಿರುಕು ಬಿಡುತ್ತದೆ. ಇದನ್ನು ಮುದ್ರಣಕ್ಕೆ ತಂದವರಲ್ಲಿ ಮುಖ್ಯನಾದ ಲೆ ಗ್ರಾಂಡ್ ಜೇಕಬ್ ಕೊಲ್ಹಾಪುರದಲ್ಲಿದ್ದ ಅಧಿಕಾರಿ. ಅವನ ಪುಸ್ತಕ ಬಂದದ್ದು 1871ರಲ್ಲಿ. ಮಾಲ್ಕಮ್ ಕೂಡ ಆ ರಾತ್ರಿ ಸ್ಥಳದಲ್ಲಿರಲಿಲ್ಲ. ಸುರೇಬಾನದಲ್ಲಿ ಇದ್ದವರು ಪಲ್ಲಕ್ಕಿ ಹೊತ್ತ ಬೋಯಿಗಳು, ಸವಾರರು, ಆಳುಗಳು. ನೋಡಿದ್ದರೆ ಅವರೇ ನೋಡಿರಬೇಕು. ಈ ಕಥನಗಳಲ್ಲಿ ಅವರಿಗೆ ಹೆಸರಿಲ್ಲ, ಬಾಯಿಯೂ ಇಲ್ಲ. ಕಂಡದ್ದನ್ನು ಕಂಡವನೇ ಬಂದು ಹೇಳಬೇಕು ಎಂಬ ನಿಯಮವನ್ನು ಇಂಗ್ಲಿಷರೇ 1872ರ ಸಾಕ್ಷ್ಯ ಕಾಯ್ದೆಯಲ್ಲಿ ಬರೆದಿಟ್ಟರು. ಆ ಅಳತೆಗೋಲು ಹಿಡಿದರೆ ಸುರೇಬಾನದ ಕಥೆಯಲ್ಲಿ ಉಳಿಯುವುದು ಎಷ್ಟು?

ಮೊದಲು ಕತ್ತಲನ್ನು ತೆಗೆದುಕೊಳ್ಳೋಣ. ಈ ಕಥೆ ಹೇಳುವವರ ನಾಲಿಗೆಗೆ ಕಗ್ಗತ್ತಲು ತಾನಾಗಿಯೇ ಬರುತ್ತದೆ. ಪಂಚಾಂಗದ ಲೆಕ್ಕ ಬೇರೆ ಹೇಳುತ್ತದೆ. 1858ರ ಮೇ 27ರಂದು ಹುಣ್ಣಿಮೆ. 29ರ ರಾತ್ರಿ ಊಟದ ಹೊತ್ತಿಗೆ ಚಂದ್ರ ಮೇಲೆದ್ದಿರಬೇಕು; ನಡುರಾತ್ರಿಯ ಹೊತ್ತಿಗೆ ಅದು ಚೆನ್ನಾಗಿ ಏರಿರುತ್ತದೆ. ಮುಂಗಾರಿಗೆ ಮುಂಚಿನ ಮೋಡ ಮುಚ್ಚಿರದಿದ್ದರೆ ಅದು ಬೆಳದಿಂಗಳ ರಾತ್ರಿ. ನರಗುಂದದ ಕಡೆಯದು ಎರೆಭೂಮಿ. ಮೇ ತಿಂಗಳ ಕೊನೆಗೆ ಹೊಲದಲ್ಲಿ ಬೆಳೆಯಿರುವುದಿಲ್ಲ, ಮರೆಯೂ ಇರುವುದಿಲ್ಲ. ಅಂಥ ಬಯಲಿನಲ್ಲಿ, ಅಂಥ ಬೆಳಕಿನಲ್ಲಿ, ಕುದುರೆಗಳ ಸಮೇತ ಏಳೆಂಟು ನೂರು ಮಂದಿ ಯಾರ ಕಿವಿಗೂ ಬೀಳದೆ ಹಾಸಿಗೆಯ ತನಕ ಬಂದರೆ? ಬಂದವರು ಅಷ್ಟು ಮಂದಿ ಇರಲಿಲ್ಲವೋ, ಕಾವಲೇ ಇರಲಿಲ್ಲವೋ, ಕಾವಲಿನವರೇ ದಾರಿ ಬಿಟ್ಟರೋ. ಮೂರರಲ್ಲಿ ಒಂದು ನಿಜವಾಗಿರಲೇಬೇಕು. ಪ್ರಚಲಿತ ಕಥೆಗೆ ಮೂರೂ ಬೇಡ. ನನಗನಿಸುವುದು ಮೊದಲನೆಯದು. ಸಾಹೇಬನನ್ನು ಬಿಟ್ಟು ಓಡಿಬಂದವನು ವಿಚಾರಣೆಯ ಎದುರು ನಿಂತು ಐವತ್ತು ಮಂದಿ ಬಂದರು ಎನ್ನಲಾರ. ಆ ದೊಡ್ಡ ಸಂಖ್ಯೆ ಅಧಿಕಾರಿಗಳಿಗೂ ಹಿಡಿಸಿತು, ನಮ್ಮ ಹಾಡಿಗೂ ಹಿಡಿಸಿತು. ಎರಡೂ ಕಡೆಯವರಿಗೆ ಬೇಕಾದ ಸಂಖ್ಯೆಯನ್ನು ಯಾರೂ ಪ್ರಶ್ನಿಸುವುದಿಲ್ಲ.

ಇನ್ನು ರಾಮದುರ್ಗದ ಎಚ್ಚರಿಕೆ. ಇಂಗ್ಲಿಷರ ಬರಹವೆಂದರೆ ಸುಳ್ಳು, ಬದಿಗೆ ತಳ್ಳಿ ಎನ್ನುವವರು ನಮ್ಮಲ್ಲಿದ್ದಾರೆ. ಅದು ಸೋಮಾರಿತನ. ತಮ್ಮ ಅಧಿಕಾರಿ ಬುದ್ಧಿಮಾತು ಕೇಳದೆ ಹೋದ ಎಂಬುದು ಅವರಿಗೇ ಮುಜುಗರದ ಸಂಗತಿ. ಮುಜುಗರವಾದರೂ ಬರೆದಿದ್ದಾರೆಂದರೆ ಅದಕ್ಕೆ ತೂಕವಿದೆ. ಆದರೆ ಆ ಮಾತಿನ ಮೂಲ ಯಾರು? ಬಂಡಾಯಗಾರನ ಮಲಸೋದರ. ಮರುದಿನದಿಂದಲೇ ತಾನು ನಿಷ್ಠನೆಂದು ತೋರಿಸಬೇಕಾದ ಗಳಿಗೆ ಅವನಿಗೆ ಬಂದಿತ್ತು. ನರಗುಂದ ಕಂಪನಿಯ ಪಾಲಾಯಿತು. ರಾಮದುರ್ಗ 1948ರವರೆಗೆ ಸಂಸ್ಥಾನವಾಗಿಯೇ ಉಳಿಯಿತು. ಎಚ್ಚರಿಸಿದ್ದು ನಿಜವಿರಬಹುದು. ಎಷ್ಟು ಗಟ್ಟಿಯಾಗಿ, ಯಾವ ಮಾತಿನಲ್ಲಿ ಎಂಬುದನ್ನು ಹೇಳಬಲ್ಲ ಇನ್ನೊಬ್ಬನ ತಲೆ ಅಷ್ಟರಲ್ಲಿ ಕೆಂಪಗಸಿಯ ಮೇಲಿತ್ತು.

ಕಂಡವರ ಮಾತನ್ನು ದಾಖಲಿಸುವುದು ಹೇಗೆಂದು ಇಂಗ್ಲಿಷರಿಗೆ ಗೊತ್ತಿರಲಿಲ್ಲವೆಂದಲ್ಲ. ಇದೇ ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಮೂವತ್ತು ವರ್ಷದ ನಂತರ, ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಬಡ ಹೆಂಗಸರ ಕೊಲೆಗಳಾದವು. ಎಲಿಜಬೆತ್ ಸ್ಟ್ರೈಡ್ ಎಂಬಾಕೆಯ ಶವ 1888ರ ಸೆಪ್ಟೆಂಬರ್ 30ರ ನಸುಕಿನ ಒಂದು ಗಂಟೆಗೆ ಸಿಕ್ಕಿತು. ಸಾವಿನ ವಿಚಾರಣೆ ನಡೆಸುವ ಕೊರೋನರ್ ವಿನ್ ಬ್ಯಾಕ್ಸ್‌ಟರ್ ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಕರೆಸಿ ಎಲ್ಲರೆದುರು ಕೇಳಿದ, ಪತ್ರಿಕೆಗಳು ಅಚ್ಚುಹಾಕಿದವು. ಆಕೆಯ ಅಂಗಿಯಲ್ಲಿ ಹೂವಿತ್ತೆಂದು ಪೇದೆ ಸ್ಮಿತ್ ಹೇಳಿದ. ಅದಕ್ಕೆ ಮುಕ್ಕಾಲು ಗಂಟೆ ಮುಂಚೆ ಆಕೆಯನ್ನು ಕಂಡಿದ್ದ ಮಾರ್ಷಲ್ ತಾನು ಹೂವು ಕಾಣಲಿಲ್ಲ ಎಂದ. ಹಣ್ಣಿನ ವ್ಯಾಪಾರಿ ಪ್ಯಾಕರ್ ಪೊಲೀಸರಿಗೆ ಮೊದಲು ಏನೂ ಕಾಣಲಿಲ್ಲ ಎಂದವನು, ಆಮೇಲೆ ಆಕೆಯ ಜೊತೆಗಾರನಿಗೆ ದ್ರಾಕ್ಷಿ ಮಾರಿದೆ ಎಂದ. ದ್ರಾಕ್ಷಿ ಕಥೆ ಜನರ ಬಾಯಲ್ಲಿ ನಿಂತುಬಿಟ್ಟಿತು. ಆದರೂ ಅದನ್ನು ಜರಡಿ ಹಿಡಿಯಲು ಆಗುತ್ತದೆ, ಏಕೆಂದರೆ ಪ್ಯಾಕರನ ಮೊದಲ ಮಾತೂ ಎರಡನೆಯ ಮಾತೂ ಅವನ ಹೆಸರಿನಲ್ಲೇ ಉಳಿದಿವೆ. ದಿಕ್ಕಿಲ್ಲದ ಹೆಂಗಸಿನ ಕೊನೆಯ ಗಂಟೆ ಹೀಗೆ ನಿಮಿಷನಿಮಿಷಕ್ಕೂ ದಾಖಲಾಯಿತು. ಇಡೀ ಸೀಮೆಯ ಏಜೆಂಟನದು ಆಗಲಿಲ್ಲ. ಸುರೇಬಾನದಲ್ಲಿ ಸರ್ಕಾರಕ್ಕೆ ಬೇಕಾಗಿದ್ದುದು ವಿಚಾರಣೆಯಲ್ಲ, ಗಲ್ಲು. ಜೂನ್ 2ರಂದು ಬಾಬಾಸಾಹೇಬನನ್ನು ಪೊಲೀಸ್ ಅಧಿಕಾರಿ ಫ್ರಾಂಕ್ ಸೌಟರ್ ಹಿಡಿದ. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಹಿಡಿದು ಹತ್ತು ದಿನ, ಘಟನೆ ನಡೆದು ಹದಿನಾಲ್ಕು ದಿನ. ನೇಣಿನ ನೆರಳಲ್ಲಿ ನಿಂತ ಸೆರೆಯಾಳುಗಳ ಹೇಳಿಕೆಯನ್ನೂ ಓಡಿಬಂದ ಆಳುಗಳ ಹೇಳಿಕೆಯನ್ನೂ ಆ ಅವಸರದಲ್ಲಿ ಯಾರು ತಾಳೆ ನೋಡುತ್ತಾರೆ?

ನಮ್ಮ ಹಾಡು, ನಾಟಕಗಳೂ ತಾಳೆ ನೋಡಲಿಲ್ಲ. ಇಂಗ್ಲಿಷರ ಕಥೆಯನ್ನು ಹಾಗೇ ಎತ್ತಿಕೊಂಡು, ಖಳನನ್ನು ನಾಯಕನನ್ನಾಗಿ ಮಾಡಿದೆವು, ಅಷ್ಟೆ. ಹಾಗಾಗಿ ಬಾಬಾಸಾಹೇಬನ ಬಗ್ಗೆ ನಾವು ಹೆಮ್ಮೆಯಿಂದ ಹೇಳುವ ಆ ರಾತ್ರಿಯ ವಿವರಗಳಲ್ಲಿ ಬಹುಪಾಲು ಅವನನ್ನು ಗಲ್ಲಿಗೇರಿಸಿದವರು ಕಟ್ಟಿದ್ದು. ಇದು ನನ್ನನ್ನು ನೋಯಿಸುತ್ತದೆ.

ಆ ಬೋಯಿಗಳು ಬಿಸಿಲಲ್ಲಿ ರಾಮದುರ್ಗದಿಂದ ಪಲ್ಲಕ್ಕಿ ಹೊತ್ತು ಬಂದಿದ್ದರು. ಬಹುಶಃ ಕನ್ನಡ ಆಡುವವರು. ಮ್ಯಾನ್ಸನ್ನನ ಕಡೆಯವರೂ ಅಲ್ಲ, ಬಾಬಾಸಾಹೇಬನ ಕಡೆಯವರೂ ಅಲ್ಲ, ಕೂಲಿಯ ಕಡೆಯವರು. ಹೆಗಲು ಇಳಿಸಿ ಬೆಳದಿಂಗಳಲ್ಲಿ ಮೈಚಾಚಿದ್ದವರಲ್ಲಿ ಒಬ್ಬನಾದರೂ ಗೊರಸಿನ ಸದ್ದಿಗೆ ತಲೆಯೆತ್ತಿ, ದಾರಿಯ ಕಡೆ ನೋಡಿರಬೇಕು. ಎಷ್ಟು ಕುದುರೆ, ಯಾರು ಮುಂದಿದ್ದರು, ಮೊದಲು ಗುಂಡು ಹಾರಿದ್ದು ಯಾವ ಕಡೆಯಿಂದ ಎಂದು ಅವನನ್ನು ಕೇಳಬೇಕಿತ್ತು.