ರೆಕ್ಕೆಗಿಂತ ಮೊದಲು ಹುಳ

ಕಲಘಟಗಿ ತಾಲೂಕಿನಲ್ಲಿ ಗೋವಿನಜೋಳ ಬೆಳೆಯುವವರಿಗೆ ಈಗ ಸುಳಿ ಬಿಡಿಸಿ ಹುಳದ ತಲೆ ನೋಡುವುದು ಹೊಸ ಸಂಗತಿಯಲ್ಲ. ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿ ಬರೆದಂಥ ಬಿಳಿಯ ಗೆರೆ, ಬಾಲದ ಹತ್ತಿರದ ಒಂದು ಖಂಡದ ಮೇಲೆ ಚೌಕದ ನಾಲ್ಕು ಮೂಲೆಗಳಲ್ಲಿಟ್ಟಂತೆ ನಾಲ್ಕು ಕಪ್ಪು ಚುಕ್ಕೆ. ಇವೆರಡೂ ಇದ್ದರೆ ಅದು ಅಮೆರಿಕ ಮೂಲದ ಸೈನಿಕ ಹುಳು. 2018ರ ಮೇ ತಿಂಗಳಲ್ಲಿ ಈ ಕೀಟ ಭಾರತದಲ್ಲೇ ಮೊದಲ ಬಾರಿಗೆ ಶಿವಮೊಗ್ಗದ ಗೋವಿನಜೋಳದ ಹೊಲಗಳಲ್ಲಿ ಕಂಡಿತು. ವಿಜ್ಞಾನಿಗಳು ದೇಹರಚನೆಯನ್ನೂ ಡಿಎನ್‌ಎಯನ್ನೂ ನೋಡಿ ಗುರುತನ್ನು ಖಚಿತಪಡಿಸಿದರು. ಆದರೆ ರೈತರಿಗೆ ಹೊಲದಲ್ಲಿ ಕೈಗೆ ಸಿಕ್ಕ ಗುರುತು ಮರಿಹುಳದ್ದು. ಅದರ ಪತಂಗವನ್ನು, ಅದರಲ್ಲೂ ಹೆಣ್ಣನ್ನು, ದೀಪಕ್ಕೆ ಬರುವ ಹತ್ತಾರು ಬೂದುಗಂದು ಪತಂಗಗಳ ನಡುವೆ ಇಟ್ಟರೆ ಪರಿಣತರೂ ತಡವರಿಸುತ್ತಾರೆ.

ಪತಂಗ ಮತ್ತು ಪಾತರಗಿತ್ತಿಗಳ ವರ್ಗೀಕರಣದ ಇತಿಹಾಸವನ್ನು ಓದುವಾಗಲೆಲ್ಲ ನನ್ನನ್ನು ಕಾಡುವ ವಿಷಯ ಇದೇ. ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಈ ವಿದ್ಯೆ ರೆಕ್ಕೆಯ ಚೆಲುವಿಗೆ ಕಟ್ಟುಬಿದ್ದಿತ್ತು. ಹುಳವನ್ನು, ಅದು ತಿನ್ನುವ ಎಲೆಯನ್ನು, ಕೋಶವನ್ನು ನೋಡಿದವರು ಕಡಿಮೆ. ಆ ಕಡಿಮೆ ಜನರ ಕೆಲಸವೇ ಕೊನೆಗೆ ಹೆಚ್ಚು ಬಾಳಿಕೆ ಬಂದಿದೆ ಎಂಬುದು ನನ್ನ ತೀರ್ಮಾನ. ಅಂಥ ಕೆಲಸದ ಬಹುದೊಡ್ಡ ಪಾಲು ನಡೆದದ್ದು ನಮ್ಮ ಪಕ್ಕದಲ್ಲೇ, ಕಲಘಟಗಿಯಿಂದ ಪಶ್ಚಿಮಕ್ಕೆ ಹೊಲ ಮುಗಿದು ಕಾಡು ಶುರುವಾಗುವ ಉತ್ತರ ಕನ್ನಡದಲ್ಲಿ.

1758ರಲ್ಲಿ ಲಿನೇಯಸ್ ಇಡೀ ಗುಂಪನ್ನು ಮೂರಾಗಿ ಹಂಚಿದ: ಮೀಸೆಯ ತುದಿ ಗುಂಡಗಿರುವ ಪಾತರಗಿತ್ತಿಗಳು, ನಡುವೆ ದಪ್ಪ ಮೀಸೆಯ ಮುಸ್ಸಂಜೆಯ ಪತಂಗಗಳು, ಉಳಿದ ಎಲ್ಲ ಪತಂಗಗಳು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಅದೇ ಪುಸ್ತಕದಲ್ಲಿ ಅವನು ಒಂದೇ ಪಾತರಗಿತ್ತಿಗೆ ಎರಡು ಹೆಸರು ಕೊಟ್ಟ. ನಮ್ಮ ಹಿತ್ತಲಿನ ಕರಿಬೇವಿನ ಮೇಲೆ, ನಿಂಬೆಯ ಮೇಲೆ, ಗುಡಿಯ ಬಿಲ್ವಪತ್ರಿಯ ಮೇಲೆ ಮೊಟ್ಟೆಯಿಡುವ ಕಾಮನ್ ಮಾರ್ಮನ್ ಅದು. ಗಂಡಿಗೆ ‘ಪ್ಯಾಮನ್’ ಎಂದೂ, ಕೆಂಪು ಚುಕ್ಕೆಯ ಹೆಣ್ಣಿಗೆ ‘ಪಾಲಿಟೀಸ್’ ಎಂದೂ ಕರೆದು ಬೇರೆ ಬೇರೆ ಪ್ರಭೇದಗಳೆಂದು ಬರೆದ. ಈ ಹೆಣ್ಣು ವಿಷವಿರುವ ಕಾಮನ್ ರೋಸ್ ಪಾತರಗಿತ್ತಿಯ ವೇಷ ಹಾಕುತ್ತದೆ. ಇನ್ನೊಂದು ಬಗೆಯ ಹೆಣ್ಣು ಕ್ರಿಮ್ಸನ್ ರೋಸ್‌ನ ವೇಷ ಹಾಕುತ್ತದೆ. ಮತ್ತೊಂದು ಬಗೆಯದು ಗಂಡನ್ನೇ ಹೋಲುತ್ತದೆ. ಇವೆಲ್ಲ ಒಂದೇ ಪ್ರಭೇದ ಎಂದು 1865ರಲ್ಲಿ ನಿಸರ್ಗ ವಿಜ್ಞಾನಿ ವಾಲೇಸ್ ಬರೆದ. ಫ್ರಾಯರ್ ಎಂಬಾತ ಸಿಂಹಳದಲ್ಲಿ ಮೊಟ್ಟೆಯಿಂದ ಸಾಕಿ, ಈ ವೇಷಗಳು ಪೀಳಿಗೆಯಿಂದ ಪೀಳಿಗೆಗೆ ಮೆಂಡೆಲನ ನಿಯಮದಂತೆ ಸಾಗುತ್ತವೆಂದು 1913ರ ಹೊತ್ತಿಗೆ ತೋರಿಸಿದ. ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಮತ್ತು ಅವರ ಜೊತೆಗಾರರು ಇದರ ಹಿಂದಿರುವುದು ‘ಡಬಲ್‌ಸೆಕ್ಸ್’ ಎಂಬ ಒಂದೇ ಜೀನ್ ಎಂದು 2014ರಲ್ಲಿ ಗುರುತಿಸಿದರು. ರೆಕ್ಕೆ ಮಾಡಿದ ಗೊಂದಲವನ್ನು ಖಚಿತವಾಗಿ ಬಿಡಿಸಿದ್ದು ಸಾಕಣೆ. ಜೀನ್ ಬಂದದ್ದು ಆಮೇಲೆ.

ಕಾರವಾರದ ಮೂವರ ಕೆಲಸವನ್ನು ಈ ಬೆಳಕಿನಲ್ಲಿ ಓದಬೇಕು. ಜಿಲ್ಲೆಯ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್ಸನ್, ಉಪ್ಪು ಮತ್ತು ಸುಂಕದ ಇಲಾಖೆಯ ಎಡ್ವರ್ಡ್ ಏಟ್ಕನ್, ಅರಣ್ಯಾಧಿಕಾರಿ ಟಿ. ಆರ್. ಬೆಲ್. ಏಟ್ಕನ್ 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದವರಲ್ಲಿ ಒಬ್ಬ. ಈ ಮೂವರು ಸೇರಿ ಉತ್ತರ ಕನ್ನಡದ ಪಾತರಗಿತ್ತಿಗಳ ಬಗ್ಗೆ ಬರೆದ ಲೇಖನಮಾಲೆ ಆ ಸಂಸ್ಥೆಯ ಪತ್ರಿಕೆಯಲ್ಲಿ 1896–97ರಲ್ಲಿ ಪ್ರಕಟವಾಯಿತು. ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಹ್ಯಾಂಪ್ಸನ್ ಎಂಬಾತ ಭಾರತದ ಪತಂಗಗಳ ನಾಲ್ಕು ಸಂಪುಟಗಳನ್ನು (1892–96) ಹೊರತರುತ್ತಿದ್ದ. ಹ್ಯಾಂಪ್ಸನ್‌ನ ಕೆಲಸದ ವಿಸ್ತಾರ ಬೆರಗು ಹುಟ್ಟಿಸುತ್ತದೆ. ಆದರೆ ಅದರ ಆಧಾರ ಸೂಜಿ ಚುಚ್ಚಿದ ಒಣ ಪತಂಗಗಳು. ಅವನು ನಾಕ್ಟುಯಿಡೇ ಕುಟುಂಬಕ್ಕೆ ಸೇರಿಸಿದ ದೊಡ್ಡ ದೊಡ್ಡ ಗುಂಪುಗಳು ಇಂದು ಎರೆಬಿಡೇ ಎಂಬ ಬೇರೆ ಕುಟುಂಬದಲ್ಲಿವೆ. ಕಾರವಾರದವರದು ಬೇರೆ ದಾರಿ. ಹೆಣ್ಣು ಎಲ್ಲಿ ಮೊಟ್ಟೆಯಿಡುತ್ತದೆಂದು ಕಾದು ನೋಡುವುದು, ಮೊಟ್ಟೆಯನ್ನು ಎಲೆಸಮೇತ ಮನೆಗೆ ತರುವುದು, ಹುಳ ಬೆಳೆಸುವುದು, ಪೊರೆ ಕಳಚಿದಂತೆಲ್ಲ ಬಣ್ಣ ಹೇಗೆ ಬದಲಾಯಿತೆಂದು ಬರೆಯುವುದು, ಗಿಡ ಯಾವುದೆಂದು ಗುರುತಿಸುವುದು. ಈ ಬರಹದಲ್ಲಿ ಹುಳದ ಬದುಕೇ ಮುಖ್ಯ, ರೆಕ್ಕೆ ಅದರ ಕೊನೆಯ ಅಧ್ಯಾಯ. ಅವರು ಬರೆದ ಪಾತರಗಿತ್ತಿಗಳಲ್ಲಿ ಏಪ್‌ಫ್ಲೈ ಕೂಡ ಇದೆ. ಅದರ ಮರಿಹುಳ ಎಲೆಯನ್ನೇ ತಿನ್ನುವುದಿಲ್ಲ, ಹಿಟ್ಟುತಿಗಣೆಗಳನ್ನು ತಿನ್ನುತ್ತದೆ. ಅದರ ಕೋಶ ಮಂಗನ ಮುಖದ ಹಾಗಿರುತ್ತದೆ. ರೆಕ್ಕೆ ನೋಡಿ ಇದನ್ನು ಊಹಿಸಲು ಯಾರಿಂದಲೂ ಆಗದು.

ಬೆಲ್ ಆಮೇಲೆ ಒಬ್ಬನೇ ಮುಂದುವರಿದ. ಬಯಲುಸೀಮೆಯ ಸಾಮಾನ್ಯ ಪಾತರಗಿತ್ತಿಗಳ ಬಗ್ಗೆ ಅವನ ಸರಣಿ 1909ರಿಂದ 1927ರವರೆಗೆ ಬಂತು. 1920ರಲ್ಲಿ ನಿವೃತ್ತನಾಗಿ ಕಾರವಾರದಲ್ಲೇ ನೆಲೆಸಿ, 1948ರಲ್ಲಿ ಅಲ್ಲೇ ತೀರಿಕೊಂಡ. ಅವನ ಕೆಲಸಗಳಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು 1937ರಲ್ಲಿ ಸ್ಕಾಟ್ ಎಂಬಾತನ ಜೊತೆಗೆ ಬರೆದ ಹಾಕ್ ಪತಂಗಗಳ ಸಂಪುಟ. ನಮ್ಮ ಎಳ್ಳಿನ ಹೊಲದಲ್ಲಿ ಹೆಬ್ಬೆರಳಿಗಿಂತ ದಪ್ಪನಾದ, ಬಾಲದ ಮೇಲೆ ಕೊಂಬಿರುವ ಹುಳ ಕಾಣುತ್ತದಲ್ಲ, ಜೇನುಗೂಡಿಗೆ ನುಗ್ಗಿ ಜೇನು ಕದಿಯುವ ಪತಂಗದ ಮರಿ ಅದು. ಅದೂ ಈ ಕುಟುಂಬದ್ದೇ. ಈ ಸಂಪುಟ ಮೊಟ್ಟೆ, ಹುಳ, ಕೋಶಗಳಿಗೆ ಪ್ರೌಢ ಪತಂಗಕ್ಕೆ ಕೊಟ್ಟಷ್ಟೇ ಗೌರವ ಕೊಡುತ್ತದೆ. ಇದರ ಕೊರತೆಯೂ ಸ್ಪಷ್ಟ. ಬೆಲ್‌ನಷ್ಟು ತಾಳ್ಮೆಯಿಂದ ಸಾಕಿ ಬರೆದ ಸಂಪುಟ ಸಿಕ್ಕಿದ್ದು ಹಾಕ್ ಪತಂಗಗಳಿಗೆ, ಅಂದರೆ ದೊಡ್ಡ ಗಾತ್ರದ, ಕಣ್ಣಿಗೆ ಬೀಳುವ ಪತಂಗಗಳಿಗೆ. ಅಕ್ಕಿಕಾಳಿನಷ್ಟಿರುವ ಸಾವಿರಾರು ಸಣ್ಣ ಪತಂಗಗಳು ಹೊರಗುಳಿದವು.

ಈಗಿನ ಸಂಶೋಧನೆಗೆ ಬರೋಣ. ಫ್ಲಾರಿಡಾದ ಅಕಿಟೊ ಕವಾಹರಾ ಅವರ ತಂಡ 2019ರಲ್ಲಿ 186 ಪ್ರಭೇದಗಳ ಎರಡು ಸಾವಿರಕ್ಕೂ ಹೆಚ್ಚು ಜೀನ್‌ಗಳನ್ನು ಹೋಲಿಸಿ ಒಂದು ವಂಶವೃಕ್ಷ ಕಟ್ಟಿತು. ಅದರ ಪ್ರಕಾರ ಈ ಗುಂಪು ಹುಟ್ಟಿದ್ದು ಸುಮಾರು 30 ಕೋಟಿ ವರ್ಷಗಳ ಹಿಂದೆ, ಹೂವುಗಳೇ ಇಲ್ಲದ ಕಾಲದಲ್ಲಿ. ಪಾತರಗಿತ್ತಿಗಳು ಬಂದದ್ದು ಸುಮಾರು 10 ಕೋಟಿ ವರ್ಷಗಳ ಹಿಂದೆ. ಬಾವಲಿಗಳ ಕಾಟದಿಂದಲೇ ಪತಂಗಗಳಿಗೆ ಕಿವಿ ಮೂಡಿತು ಎಂಬ ಹಳೆಯ ನಂಬಿಕೆಯನ್ನೂ ಈ ಕೆಲಸ ಅಲ್ಲಾಡಿಸಿತು. ಕಿವಿಗಳು ಒಂಬತ್ತು ಸಲ ಬೇರೆ ಬೇರೆಯಾಗಿ ಹುಟ್ಟಿವೆ, ಅವುಗಳಲ್ಲಿ ಹಲವು ಬಾವಲಿಗಳಿಗಿಂತ ಎಷ್ಟೋ ಮೊದಲೇ. ಎಲ್ಲಕ್ಕಿಂತ ಮುಖ್ಯವಾದ ಮಾತು ಒಂದಿದೆ. ಪಾತರಗಿತ್ತಿ ಪತಂಗದ ಎದುರು ಗುಂಪಲ್ಲ, ಪತಂಗಗಳ ಮರದಲ್ಲೇ ಒಂದು ಕೊಂಬೆ. ಹೆಸರಿಟ್ಟ ಸುಮಾರು 1,60,000 ಪ್ರಭೇದಗಳಲ್ಲಿ ಪಾತರಗಿತ್ತಿಗಳು 19,000ದಷ್ಟು ಮಾತ್ರ. ಹಿಂದೆ ‘ನಿಜವಾದ’ ಪಾತರಗಿತ್ತಿಗಳಿಂದ ಹೊರಗಿಟ್ಟಿದ್ದ ಸ್ಕಿಪ್ಪರ್‌ಗಳು, ಅಮೆರಿಕದ ರಾತ್ರಿ ಹಾರುವ ಹೆಡಿಲಿಡ್‌ಗಳು ಈಗ ಅದೇ ಕೊಂಬೆಯೊಳಗೆ ಬಂದಿವೆ.

ಇದು ಹೊಲದಲ್ಲಿ ಹೇಗೆ ಕಾಣುತ್ತದೆ ನೋಡಿ. ಕಲಘಟಗಿ ಭಾಗದ ಕೂರಿಗೆ ಭತ್ತದಲ್ಲಿ ಎಲೆ ಮಡಚಿ ಒಳಗೆ ಕೂರುವ ಹುಳ ಎರಡು ಬಗೆಯದಾಗಿರಬಹುದು. ಒಂದು ಎಲೆ ಸುರುಳಿ ಕೀಟ, ಪತಂಗದ ಮರಿ. ಇನ್ನೊಂದು ಸ್ಕಿಪ್ಪರ್, ಪಾತರಗಿತ್ತಿಯ ಮರಿ. ಮಡಚಿದ ಎಲೆಯನ್ನಷ್ಟೇ ನೋಡುವ ಕಣ್ಣಿಗೆ ಎರಡೂ ಒಂದೇ ಕೀಡಿ. ಭತ್ತದ ಗಿಡಕ್ಕೂ ಪತಂಗ–ಪಾತರಗಿತ್ತಿ ಎಂಬ ಭೇದ ಇಲ್ಲ. ಆ ಭೇದ ನಮ್ಮ ಕಣ್ಣು ಹಗಲಿಗೆ ಒಗ್ಗಿದ್ದರಿಂದ ಬಂದದ್ದು.

2023ರಲ್ಲಿ ಅದೇ ತಂಡ, ಹಲವು ದೇಶಗಳ ವಿಜ್ಞಾನಿಗಳೊಂದಿಗೆ, 2,300ರ ಸಮೀಪ ಪಾತರಗಿತ್ತಿ ಪ್ರಭೇದಗಳ 391 ಜೀನ್‌ಗಳನ್ನು ಸೇರಿಸಿ ಇನ್ನೂ ದೊಡ್ಡ ಮರ ಕಟ್ಟಿತು. ಪಾತರಗಿತ್ತಿಗಳು ಅಮೆರಿಕ ಖಂಡಗಳಲ್ಲಿ ಹುಟ್ಟಿದವು, ಮೊದಲ ಪಾತರಗಿತ್ತಿಯ ಮರಿ ತೊಗರಿ–ಅವರೆಯ ಕುಟುಂಬದ ಎಲೆ ತಿನ್ನುತ್ತಿತ್ತು ಎಂದು ಅದು ಹೇಳುತ್ತದೆ. ಕುಲಗಳ ಶೇಕಡಾ 92ರಷ್ಟನ್ನು ಒಳಗೊಂಡ ಈ ಕೆಲಸಕ್ಕೆ ಸಾಟಿ ಹಿಂದೆ ಇರಲಿಲ್ಲ. ಯಾವ ಕುಟುಂಬದ ಪಕ್ಕ ಯಾವುದು ಎಂಬ ಭಾಗವನ್ನು ನಾನು ಪೂರ್ತಿ ನಂಬುತ್ತೇನೆ. ಆಹಾರ ಸಸ್ಯದ ಭಾಗವನ್ನು ಎಚ್ಚರದಿಂದ ಓದುತ್ತೇನೆ. ಜೀನ್ ಎಷ್ಟು ಓದಿದರೂ ಹುಳ ಏನು ತಿಂದಿತೆಂದು ಅದು ಹೇಳದು. ಅದಕ್ಕೆ ತಂಡ ಆಧರಿಸಿದ್ದು ಲೋಕದ ಮೂಲೆಮೂಲೆಯಲ್ಲಿ, ಹಲವು ಭಾಷೆಗಳಲ್ಲಿ, ಯಾರೋ ಹುಳ ಸಾಕಿ ಬರೆದಿಟ್ಟ ದಾಖಲೆಗಳನ್ನು. ಯುರೋಪಿನಲ್ಲಿ ಅಂಥ ದಾಖಲೆ ದಟ್ಟ, ಉಷ್ಣವಲಯದಲ್ಲಿ ತೆಳು. ತೆಳುವಾದ ಕಡೆ ಒಂದು ತಪ್ಪು ಗಿಡದ ಹೆಸರೂ ಬೇರಿನವರೆಗೆ ತೀರ್ಮಾನವನ್ನು ಎಳೆಯಬಲ್ಲದು. ಪಾತರಗಿತ್ತಿಗಳ ಪಳೆಯುಳಿಕೆಗಳೂ ಬೆರಳೆಣಿಕೆಯಷ್ಟು. ಹಾಗಾಗಿ ವರ್ಷಗಳ ಲೆಕ್ಕವೂ ಮುಂದೆ ಹಿಂದೆ ಸರಿದೀತು.

ಈ ದೃಷ್ಟಿಯಿಂದ 2018ರಲ್ಲಿ ಪಶ್ಚಿಮ ಘಟ್ಟದ ಪಾತರಗಿತ್ತಿಗಳ ಆಹಾರ ಸಸ್ಯಗಳ ಬಗ್ಗೆ ಕುಂಟೆ ಮತ್ತು ಜೊತೆಗಾರರು ಪ್ರಕಟಿಸಿದ ಪಟ್ಟಿ ನನಗೆ ಯಾವ ವಂಶವೃಕ್ಷಕ್ಕೂ ಕಡಿಮೆಯಲ್ಲದ ಕೃತಿ. 336 ಪ್ರಭೇದಗಳಲ್ಲಿ 320ಕ್ಕೆ ಗಿಡ ಗೊತ್ತಾಗಿದೆ, 834 ಬಗೆಯ ಸಸ್ಯಗಳು ಅದರಲ್ಲಿವೆ. ಹಳಬರ ದಾಖಲೆಗಳನ್ನು ಸುಮ್ಮನೆ ನಕಲು ಮಾಡದೆ, ದಶಕಗಳ ತಮ್ಮ ನೋಟವನ್ನೂ ಸೇರಿಸಿ ಕಟ್ಟಿದ ಕೆಲಸ ಇದು. ಓದಿದವರಿಗೆ ಬೆಲ್‌ನಿಂದ ಇಲ್ಲಿಯವರೆಗಿನ ದಾರಿ ಕಾಣುತ್ತದೆ.

ಪತಂಗಗಳಿಗೆ ಅಂಥ ಭಾಗ್ಯ ಇಲ್ಲ. ಭಾರತದಲ್ಲಿ ಪಾತರಗಿತ್ತಿಗಳು 1,300ಕ್ಕೂ ಹೆಚ್ಚು, ಪತಂಗಗಳು 10,000ಕ್ಕೂ ಹೆಚ್ಚು. ಆದರೂ ಬನ್ನೇರುಘಟ್ಟದಲ್ಲಿ 2006ರಲ್ಲಿ ತೆರೆದದ್ದು ಚಿಟ್ಟೆಗಳ ಉದ್ಯಾನ, ನಾಡಿನ ಗುರುತಾಗಿ ಆರಿಸಿದ್ದು ಕಪ್ಪು–ಹಳದಿಯ ಸದರ್ನ್ ಬರ್ಡ್‌ವಿಂಗ್. ಎರಡೂ ಒಳ್ಳೆಯವೇ. ಮಕ್ಕಳು ಅಲ್ಲಿಂದ ಶುರು ಮಾಡಲಿ. ಆದರೆ ಕ್ಯಾಮೆರಾ ಹಿಡಿದು ರೆಕ್ಕೆ ಸೆರೆಹಿಡಿಯುವುದರಲ್ಲೇ ಹವ್ಯಾಸ ನಿಂತುಬಿಡುವುದು ನೋವಿನ ಸಂಗತಿ. ಎಷ್ಟೋ ಪತಂಗಗಳನ್ನು ಫೋಟೊದಿಂದ ಗುರುತಿಸಲು ಆಗುವುದೇ ಇಲ್ಲ, ಜನನಾಂಗ ಬಿಡಿಸಿ ನೋಡಬೇಕು. ಹುಳ ಸಾಕಿದರೆ ಆ ಕಷ್ಟ ಎಷ್ಟೋ ಕಡಿಮೆ.

ಇದರ ನಷ್ಟ ರೈತರಿಗೂ ತಟ್ಟುತ್ತದೆ. ಕಡಲೆ, ತೊಗರಿ, ಹತ್ತಿಯ ಕಾಯಿಕೊರಕಕ್ಕೆ ಬಳಸುವ ಎನ್‌ಪಿವಿ ಎಂಬ ವೈರಾಣು ದ್ರಾವಣ ಆ ಒಂದು ಕೀಟಕ್ಕೇ ಮೀಸಲು. ತಂಬಾಕಿನ ಎಲೆ ತಿನ್ನುವ ಹುಳಕ್ಕೆ ಅದರದೇ ಬೇರೆ ಎನ್‌ಪಿವಿ ಬೇಕು. ಹುಳ ತಪ್ಪಾಗಿ ಗುರುತಿಸಿದರೆ ಸಿಂಪಡಿಸಿದ ಹಣ ನೀರಿಗೆ ಹೋದಂತೆ. ಅದೇ ಕಾಯಿಕೊರಕದ ಕುಲವನ್ನು 1965ರಲ್ಲಿ ಕೀಟಶಾಸ್ತ್ರಜ್ಞ ಹಾರ್ಡ್‌ವಿಕ್ ಹೀಲಿಯಾಥಿಸ್‌ನಿಂದ ಬಿಡಿಸಿ ಹೆಲಿಕೊವರ್ಪ ಎಂದು ಕರೆದ. ಇಂಥ ಹೆಸರು ಬದಲಾವಣೆಗಳಿಗೆ ಗೊಣಗುವವರಿದ್ದಾರೆ. ಹತ್ತಿರದ ನೆಂಟರು ಯಾರು, ದೂರದವರು ಯಾರು ಎಂದು ಬೇರೆ ಮಾಡಿ ಹೇಳುವ ಹೆಸರು ರೈತನಿಗೂ ಉಪಯೋಗದ್ದೇ ಎಂದು ನಾನು ವಾದಿಸುತ್ತೇನೆ.

ಕೃಷಿ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಕೀಟ ಸಂಗ್ರಹದ ಪೆಟ್ಟಿಗೆ ಒಪ್ಪಿಸುವ ರೂಢಿ ಇದೆ. ಪೆಟ್ಟಿಗೆಯ ತುಂಬ ರೆಕ್ಕೆ ಬಿಚ್ಚಿ ಸೂಜಿ ಚುಚ್ಚಿದ ಪ್ರೌಢ ಕೀಟಗಳಿರುತ್ತವೆ, ಅಂಕ ಬೀಳುವುದು ಎಣಿಕೆಗೆ, ಅಂದಕ್ಕೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಕಡೆ, ಕಾಡಿಗೂ ಬಯಲಿಗೂ ನಡುವಿನ ಬಮ್ಮಿಗಟ್ಟಿಯಂಥ ಊರುಗಳ ಮಕ್ಕಳೂ ಬಂದು ಓದುವ ಕಡೆ, ಈ ರೂಢಿಯನ್ನು ಸುಲಭವಾಗಿ ತಿದ್ದಬಹುದು. ಒಂದೇ ಪತಂಗ ಸಾಕು: ಅದರ ಮೊಟ್ಟೆಯ ಚಿಪ್ಪು, ಹುಳ ಕಳಚಿದ ಪೊರೆ, ಬರಿದಾದ ಕೋಶ, ತಿಂದ ಗಿಡದ ಒಣಗಿಸಿದ ಎಲೆ, ಊರು ಮತ್ತು ತಾರೀಖು ಬರೆದ ಚೀಟಿ. ಅಂಥ ಒಂದು ಸಾಲಿಗೆ ಐವತ್ತು ಒಣ ರೆಕ್ಕೆಗಳ ಪೆಟ್ಟಿಗೆಗಿಂತ ಹೆಚ್ಚು ಅಂಕ ಕೊಡಬೇಕು.