ಬಸಿದ ನೀರಿನ ಲೆಕ್ಕ

ದಂಟಿನ ಸೊಪ್ಪು ಬೇಯಿಸಿದ ನೀರನ್ನು ಸಿಂಕಿಗೆ ಸುರಿಯುವವರ ಮನೆಯಲ್ಲಿ ಊಟಕ್ಕೆ ಕೂರುವುದಿಲ್ಲ ಎಂದು ಹಟ ಹಿಡಿದವನಲ್ಲ ನಾನು. ಆದರೆ ಮನಸ್ಸಿನಲ್ಲೇ ಅಂಕ ಕಳೆದಿರುತ್ತೇನೆ.

ಹಳೆ ಮೈಸೂರು ಕಡೆಯ ಅಡುಗೆಮನೆಗಳಲ್ಲಿ ಆ ನೀರಿಗಿರುವ ಮರ್ಯಾದೆಯೇ ಬೇರೆ. ಅಲಸಂದೆಯೋ ಹೆಸರುಕಾಳೋ ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಒಂದೆರಡು ಕುದಿ ಬರಿಸಿ ಬಸಿಯುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹುರಿದುಕೊಂಡು, ತೆಂಗಿನಕಾಯಿ, ಧನಿಯ ಮತ್ತು ಬೆಂದ ಸೊಪ್ಪು-ಕಾಳು ಒಂದು ಹಿಡಿ ಸೇರಿಸಿ ರುಬ್ಬಿ, ಹುಣಸೆಹುಳಿ ಬಿಟ್ಟು ಆ ನೀರಿನಲ್ಲಿ ಕುದಿಸಿದರೆ ಬಸ್ಸಾರು. ಮಿಕ್ಕ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆಗೆ ಇದಕ್ಕಿಂತ ಒಳ್ಳೆಯ ಜೋಡಿಯಿಲ್ಲ. ಉಪ್ಪುಸಾರಿನ ಪರವಾಗಿ ಮಂಡ್ಯದಿಂದ ಕಾಗದ ಬರುತ್ತದೆಂದು ಗೊತ್ತು, ಬರಲಿ.

ರುಚಿಯ ಮಾತು ಹಾಗಿರಲಿ. ಬಸಿಯುವ ಈ ಒಂದು ಕೆಲಸ ಎಲೆಯ ಸತ್ವವನ್ನೇ ಎರಡು ಪಾಲು ಮಾಡುತ್ತದೆ. ನೀರಿನಲ್ಲಿ ಕರಗುವ ಫೋಲೇಟ್, ಪೊಟ್ಯಾಸಿಯಂ, ಬೆಂಕಿಗೆ ಆಹುತಿಯಾಗದೆ ಉಳಿದಷ್ಟು ಸಿ ಜೀವಸತ್ವ ಸಾರಿನ ಕಡೆಗೆ ಹೋಗುತ್ತವೆ. ಎಣ್ಣೆಯಲ್ಲಷ್ಟೇ ಕರಗುವ ಬೀಟಾ ಕ್ಯಾರೊಟಿನ್, ಲ್ಯೂಟಿನ್, ಕೆ ಜೀವಸತ್ವ ಪಲ್ಯದಲ್ಲೇ ನಿಲ್ಲುತ್ತವೆ. ಪಾಲಕ್ ಕುದಿಸಿ ಅಳೆದು ನೋಡಿದವರಿಗೆ ಹೆಚ್ಚುಕಡಿಮೆ ಅರ್ಧದಷ್ಟು ಫೋಲೇಟ್ ಎಲೆಯಲ್ಲಿ ಸಿಗಲಿಲ್ಲ. ಹಬೆಯಲ್ಲಿ ಬೇಯಿಸಿದಾಗ ಮಾತ್ರ ಹೇಳಿಕೊಳ್ಳುವಂಥ ನಷ್ಟ ಇರಲಿಲ್ಲ. ಹಾಗಾದರೆ ಕಳೆದುಹೋದ ಫೋಲೇಟಿನಲ್ಲಿ ಬಹುಪಾಲು ಬೆಂಕಿಗೆ ಸುಟ್ಟದ್ದಲ್ಲ, ನೀರಿಗೆ ಇಳಿದದ್ದು. ಸಿಂಕಿಗೆ ಸುರಿದರೆ ಮೋರಿಗೆ, ಸಾರು ಮಾಡಿದರೆ ನಮಗೆ. (ಅದೇ ಸಾರನ್ನು ಮೂರು ದಿನ ಕಾಯಿಸಿ ಕಾಯಿಸಿ ಉಣ್ಣುವ ನನ್ನಂಥವರ ಮಾತು ಬೇರೆ. ರುಚಿ ಏರುತ್ತದೆ, ಫೋಲೇಟ್ ಇಳಿಯುತ್ತದೆ.)

ಈ ಫೋಲೇಟನ್ನು ಜಗತ್ತು ಕಂಡುಕೊಂಡದ್ದರಲ್ಲಿ ಮುಂಬೈಗೂ ಒಂದು ಪಾತ್ರವಿದೆ. 1930ರ ಆಸುಪಾಸಿನಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿನ ಬಟ್ಟೆ ಗಿರಣಿಗಳ ಬಸುರಿ ಕಾರ್ಮಿಕರ ರಕ್ತಹೀನತೆಯನ್ನು ಈಸ್ಟಿನ ಸಾರ ಕೊಟ್ಟು ವಾಸಿಮಾಡಿದರು. ಕೊರತೆ ಊಟದಲ್ಲಿದೆ ಎಂಬುದು ಖಚಿತವಾಯಿತು, ಯಾವುದರ ಕೊರತೆ ಎಂಬುದು ಉಳಿಯಿತು. 1941ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಮೂವರು ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪನ್ನು ಸಂಸ್ಕರಿಸಿ ಫೋಲಿಕ್ ಆಮ್ಲವನ್ನು ಬೇರ್ಪಡಿಸಿದರು. ಹಾಗೆಂದು ಬಸುರಿಯರು ವೈದ್ಯರು ಬರೆದುಕೊಟ್ಟ ಮಾತ್ರೆ ಬಿಟ್ಟು ಬಸ್ಸಾರನ್ನೇ ನಂಬಿ ಕೂರಬಾರದು. ಮಗುವಿನ ಬೆನ್ನುಹುರಿಯ ಬೆಳವಣಿಗೆಗೆ ಆ ಮಾತ್ರೆ ಬೇಕೇ ಬೇಕು.

ಇನ್ನು ಪಲ್ಯದ ಪಾಲು. ಬಾಡಿದ ಸೊಪ್ಪು ಹಳದಿ ತಿರುಗುವುದನ್ನು ನೋಡಿರುತ್ತೀರಿ. ಆ ಹಳದಿ ಹೊಸದಾಗಿ ಬಂದದ್ದಲ್ಲ. ಹಸಿರಿನ ಮರೆಯಲ್ಲಿದ್ದ ಕ್ಯಾರೊಟಿನ್, ಲ್ಯೂಟಿನ್‌ಗಳು ಕ್ಲೋರೊಫಿಲ್ ಕರಗಿದ ಮೇಲೆ ಕಣ್ಣಿಗೆ ಬೀಳುತ್ತವೆ, ಅಷ್ಟೆ. ನಮ್ಮ ಕಣ್ಣಿನ ಅಕ್ಷಿಪಟಲದ ನಡುವಿನ ಹಳದಿ ಚುಕ್ಕೆಯಲ್ಲಿರುವುದೂ ಇದೇ ಲ್ಯೂಟಿನ್. ಅದನ್ನು ದೇಹ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಬರುವುದಕ್ಕೆ ಎಣ್ಣೆ ಬೇಕು. ಅಮೆರಿಕದ ಅಯೋವಾದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಜಿಡ್ಡಿಲ್ಲದ ಸಲಾಡ್ ತಿಂದವರ ಮೈಗೆ ಕ್ಯಾರೊಟಿನ್ ಹತ್ತಿದ್ದು ಇಲ್ಲವೆನ್ನುವಷ್ಟು ಕಡಿಮೆ. ಡಯಟ್ ಎಂದು ಒಗ್ಗರಣೆಯನ್ನೇ ಬಿಟ್ಟವರು ದಯವಿಟ್ಟು ಒಂದೆರಡು ಚಮಚ ಎಣ್ಣೆಗೆ ಮನಸ್ಸು ಮಾಡಿ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಜುಗ್ಗತನ ಬೇಡ: ಕಾಳು, ಧಾನ್ಯಗಳ ಕಬ್ಬಿಣ ಮತ್ತು ಸತುವು ದೇಹಕ್ಕೆ ಸಿಗುವಂತೆ ಬಿಡುಗಡೆಯಾಗಲು ಇವೆರಡೂ ನೆರವಾಗುತ್ತವೆ ಎಂದು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ.

ಬಸ್ಸಾರಿನ ವಕಾಲತ್ತು ವಹಿಸಿದ ಮೇಲೆ ಅದರ ದೋಷವನ್ನೂ ಹೇಳಬೇಕು. ದಂಟು, ಪಾಲಕ್, ಬಸಳೆ, ಗೋಣಿಸೊಪ್ಪುಗಳಲ್ಲಿ ಆಕ್ಸಲೇಟ್ ಹೆಚ್ಚು, ಅದರಲ್ಲಿ ಕರಗುವಂಥದ್ದು ಬಹಳಷ್ಟು ಬಸಿದ ನೀರಿಗೇ ಇಳಿಯುತ್ತದೆ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದ್ದರೂ ಆಕ್ಸಲೇಟ್ ಅದನ್ನು ಬಿಗಿಹಿಡಿಯುವುದರಿಂದ ದೇಹ ಹೀರಿಕೊಳ್ಳುವುದು ಶೇ 5ರಷ್ಟು. ಹಾಲಿನಿಂದಾದರೆ ಶೇ 27ರ ಆಸುಪಾಸು. ಕಿಡ್ನಿಯಲ್ಲಿ ಆಕ್ಸಲೇಟಿನ ಕಲ್ಲಾದವರು ಈ ಸೊಪ್ಪುಗಳ ನೀರನ್ನು ಚೆಲ್ಲಲಿ, ಅವರ ಅಂಕ ಕಳೆಯುವುದಿಲ್ಲ. ಉಳಿದವರಿಗೆ ಊಟದ ಕೊನೆಯ ಮಜ್ಜಿಗೆ ಸಾಕು. ಮಜ್ಜಿಗೆಯ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಕ್ಕೆ ಸಾಗಿಸುತ್ತದೆ.

ಇಷ್ಟೆಲ್ಲ ರಗಳೆ ಯಾಕೆ, ಸತ್ವವನ್ನೇ ಮಾತ್ರೆ ಮಾಡಿ ನುಂಗಿದರಾಯಿತಲ್ಲ ಎನ್ನುವವರಿಗೆ ಫಿನ್ಲೆಂಡಿನ ಉದಾಹರಣೆ ಕೊಡುತ್ತೇನೆ. ಅಲ್ಲಿ ಸಿಗರೇಟು ಸೇದುವ 29,000ಕ್ಕೂ ಹೆಚ್ಚು ಗಂಡಸರನ್ನು ಆರಿಸಿ, ಶ್ವಾಸಕೋಶದ ಕ್ಯಾನ್ಸರ್ ತಡೆಯಬಹುದೆಂಬ ಆಸೆಯಿಂದ ಅವರಲ್ಲಿ ಅರ್ಧದಷ್ಟು ಜನರಿಗೆ ಬೀಟಾ ಕ್ಯಾರೊಟಿನ್ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ, ಕ್ಯಾರೊಟಿನ್ ನುಂಗಿದವರಲ್ಲಿ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತ್ತು. ಅದೇ ಗಂಡಸರಲ್ಲಿ ಹಣ್ಣು, ತರಕಾರಿ ಹೆಚ್ಚು ತಿನ್ನುತ್ತಿದ್ದವರಿಗೆ ಅಪಾಯ ಕಡಿಮೆಯಿತ್ತು.

ಹಸಿ ರಸದ ಶೋಕಿಯೂ ಮಾತ್ರೆಗಿಂತ ಮೇಲಲ್ಲ. ನಮ್ಮ ಹಿತ್ತಿಲುಗಳಲ್ಲಿ ವಿಟಮಿನ್ ಸೊಪ್ಪು ಎಂದು ಬೆಳೆಸುವ ಚಕ್ರಮುನಿಯನ್ನೇ ನೋಡಿ. 1990ರ ದಶಕದ ನಡುವಿನಲ್ಲಿ ತೈವಾನಿನ ಜನ ತೂಕ ಇಳಿಸುವ ಆಸೆಗೆ ಬಿದ್ದು ಅದರ ಹಸಿ ಎಲೆಯ ರಸವನ್ನು ವಾರಗಟ್ಟಲೆ ಕುಡಿದರು. ಹಲವರ ಶ್ವಾಸಕೋಶದ ಸಣ್ಣ ನಾಳಗಳು ಮತ್ತೆ ಸರಿಹೋಗದಂತೆ ಮುಚ್ಚಿಕೊಂಡವು, ಕೆಲವರಿಗೆ ಶ್ವಾಸಕೋಶ ಕಸಿ ಮಾಡಬೇಕಾಯಿತು, ಸಾವೂ ಸಂಭವಿಸಿತು. ಮಲೇಷ್ಯಾದವರು ಇದೇ ಎಲೆಯನ್ನು ಬೇಯಿಸಿ ಪಲ್ಯ ಮಾಡಿಕೊಂಡು ಬಹುಕಾಲದಿಂದ ತಿನ್ನುತ್ತಿದ್ದಾರೆ, ಅಲ್ಲಿ ಇಂಥ ಅನಾಹುತ ಆಗಲಿಲ್ಲ. ಹಿತ್ತಿಲಿನ ಗಿಡ ಕೀಳಬೇಕಿಲ್ಲ. ಬೆರಕೆ ಸೊಪ್ಪಿನ ಜೊತೆಗೆ ಅದರದ್ದೂ ಒಂದು ಹಿಡಿ ಹಾಕಿ ಬೇಯಿಸಿ, ಬಸಿಯಿರಿ. ಮಿಕ್ಸಿಗೆ ಮಾತ್ರ ಹಸಿಯಾಗಿ ಹಾಕಬೇಡಿ.