‘ಫುಟ್‌ಪಾತ್ ಬಿಟ್ಟು ಸರಿ’ ಎಂದ ಗಿಟಾರು

ಗಿಟಾರು ಅಂದರೆ ನಮ್ಮ ಹುಡುಗರ ಕಣ್ಣಿಗೆ ಬರುವುದು ಸಿನಿಮಾ ಹೀರೋ. ಪಟ್ಟಣದ ಸಂಗೀತ ಬಲ್ಲವರ ಕಣ್ಣಿಗೆ ಬರುವುದು ಕಪ್ಪು ಕೋಟು ತೊಟ್ಟು, ಎಡಗಾಲನ್ನು ಸಣ್ಣ ಮಣೆಯ ಮೇಲಿಟ್ಟು ಕೂತ ಯೂರೋಪಿನ ಕಲಾವಿದ. ನಾನು ಹೇಳಹೊರಟಿರುವುದು 1939ರಲ್ಲಿ ಹವಾನಾದಲ್ಲಿ ಹುಟ್ಟಿದ ಲಿಯೋ ಬ್ರೌವರ್ ಬಗ್ಗೆ. ಕ್ಯೂಬಾದ ಗಿಟಾರುಗಾರನ ಗೊಡವೆ ನಮಗ್ಯಾಕೆ ಅಂತ ಕೆಲವು ಗೆಳೆಯರು ಕೇಳಬಹುದು. ಕಾರಣ ಇದೆ. ಕೇರಿಯ ತಾಳ ಶಾಸ್ತ್ರೀಯ ವೇದಿಕೆ ಹತ್ತಿದರೆ ಅದು ಕೇರಿಗೆ ಸಿಕ್ಕ ಮರ್ಯಾದೆಯೋ, ಇಲ್ಲಾ ಇನ್ನೊಂದು ಕಳ್ಳತನವೋ? ಈ ಪ್ರಶ್ನೆ ನಮ್ಮದೂ ಹೌದು.

ಕ್ಯೂಬಾದ ಕಬ್ಬಿನ ಗದ್ದೆಗಳಲ್ಲಿ ಬೆವರು ಸುರಿಸಿದವರು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರು. ಅಲ್ಲಿ ಗುಲಾಮಗಿರಿ ಕಾನೂನಿನಿಂದ ಹೋದದ್ದು 1886ರಲ್ಲಿ. ಮನಸ್ಸಿನಿಂದ ಹೋಗಲಿಲ್ಲ. ಕರಿಯರ ಡೋಲು ಅಂದರೆ ಅನಾಗರಿಕ ಸದ್ದು ಅಂತ ದೊಡ್ಡವರು ಮೂಗು ಮುರಿದರು. ಕಾರ್ನಿವಲ್ ಹಬ್ಬದಲ್ಲಿ ಡೋಲು ಬಡಿಯುತ್ತ, ಕುಣಿಯುತ್ತ ಸಾಗುವ ಕೊಂಪಾರ್ಸಾ ಮೆರವಣಿಗೆಗಳಿಗೆ ಹವಾನಾದಲ್ಲಿ ವರ್ಷಗಟ್ಟಲೆ ನಿಷೇಧವಿತ್ತು. 1937ರಲ್ಲಿ ಅವು ಮತ್ತೆ ಬೀದಿಗೆ ಬಂದವು.

ಇದಾಗಿ ಇಪ್ಪತ್ತು ವರ್ಷಕ್ಕೆ, 1957ರಲ್ಲಿ, ಹದಿನೆಂಟರ ಬ್ರೌವರ್ ‘ದಾನ್ಸಾ ಕಾರಾಕ್ತೆರಿಸ್ತಿಕಾ’ ಎಂಬ ಪುಟ್ಟ ಕೃತಿ ರಚಿಸಿದ. ಅದಕ್ಕೆ ಆಧಾರ ಕೊಂಪಾರ್ಸಾದ ಒಂದು ಬೀದಿ ಹಾಡು. ಅದರ ಹೆಸರಿನ ಅರ್ಥ: ಫುಟ್‌ಪಾತ್ ಬಿಟ್ಟು ಸರಿ. ದಾರಿಯ ಅಂಚಿಗೆ ಸರಿ ಅನ್ನಿಸಿಕೊಂಡೇ ಬೆಳೆದವರಿಗೆ ಈ ಮಾತಿನ ಬಿಸಿ ಗೊತ್ತು. ಆದರೆ ಇಲ್ಲಿ ಸರಿ ಅನ್ನುತ್ತಿರುವವರು ಡೋಲು ಹಿಡಿದವರು! ಕೃತಿ ಕೇಳಿದರೆ ತಂತಿಗಳು ಹಾಡುವುದಕ್ಕಿಂತ ಬಡಿಯುವುದೇ ಹೆಚ್ಚು. ನಾಜೂಕಿನ ಗಿಟಾರಿಗೆ ಬೀದಿಯ ಧೂಳು ಮೆತ್ತಿಕೊಂಡಿದೆ.

ಹಾಗಂತ ಕುರುಡು ಅಭಿಮಾನ ಬೇಡ. ಬ್ರೌವರ್ ಡೋಲಿನವರ ಮನೆಯಲ್ಲಿ ಹುಟ್ಟಿದವನಲ್ಲ. ಕ್ಯೂಬಾದ ಹೆಸರಾಂತ ಸಂಗೀತಗಾರ ಅರ್ನೆಸ್ತೋ ಲೆಕುವೋನಾ ಅವನ ಅಜ್ಜಿಯ ತಮ್ಮ. ಅವನ ಗುರು ಇಸಾಕ್ ನಿಕೋಲಾ, ನಿಕೋಲಾನ ಗುರು ಸ್ಪೇನಿನ ಎಮಿಲಿಯೋ ಪುಜೋಲ್, ಪುಜೋಲನ ಗುರು ತಾರೆಗಾ. ಒಳ್ಳೇ ಗುರುಪರಂಪರೆಯೇ! ಇಂಥವನು ಕರಿಯರ ತಾಳ ಎತ್ತಿಕೊಂಡರೆ ಅನುಮಾನ ಪಡುವ ಹಕ್ಕು ನಮಗಿದೆ.

ಆ ಅನುಮಾನಕ್ಕೆ ಅವನು ಕೊಟ್ಟ ಉತ್ತರ ಸಿಗುವುದು ಕಚೇರಿಯಲ್ಲಲ್ಲ, ಪಾಠದಲ್ಲಿ. 1960ರ ಸುಮಾರಿಗೆ ಶುರು ಮಾಡಿ 1980ರ ದಶಕದ ಹೊತ್ತಿಗೆ ಇಪ್ಪತ್ತು ‘ಸರಳ ಅಭ್ಯಾಸ’ಗಳನ್ನು ಅವನು ಬರೆದ. ಕಲಿಯುವ ಮಕ್ಕಳಿಗಾಗಿ ಬರೆದವು. ಹೆಚ್ಚಿನವು ಒಂದು ಪುಟ ದಾಟುವುದಿಲ್ಲ. ಅದಕ್ಕೂ ಮೊದಲು ಗಿಟಾರು ಕಲಿಯುವ ಮಗುವಿಗೆ ಸಿಗುತ್ತಿದ್ದದ್ದು ಹತ್ತೊಂಬತ್ತನೇ ಶತಮಾನದ ಯೂರೋಪಿನ ಪಾಠಗಳು. ಬೆರಳು ಪಳಗುತ್ತಿತ್ತು, ಜೊತೆಗೆ ದೊರೆಗಳ ದಿವಾನಖಾನೆಯ ನಡಿಗೆಯೂ ಮೈಗೆ ಹತ್ತುತ್ತಿತ್ತು.

ಬ್ರೌವರ್ ಮೊದಲನೇ ಪಾಠದಲ್ಲೇ ಇದನ್ನು ತಲೆಕೆಳಗು ಮಾಡಿದ. ಅಲ್ಲಿ ರಾಗ ಇರುವುದು ಕೆಳಗಿನ ದಪ್ಪ ಸ್ವರಗಳಲ್ಲಿ. ಹೆಬ್ಬೆರಳು ಹಾಡುತ್ತದೆ, ಮಿಕ್ಕ ಬೆರಳುಗಳು ಮೇಲೆ ತಾಳ ಹಾಕುತ್ತವೆ. ಐದನೆಯದಕ್ಕೆ ‘ಮೊಂತೂನೋ’ ಅಂತಲೇ ಗುರುತು. ಕ್ಯೂಬಾದ ‘ಸೋನ್’ ಹಾಡಿನಲ್ಲಿ ಮತ್ತೆ ಮತ್ತೆ ತಿರುಗಿ ಬರುವ ಭಾಗ ಅದು. ಪದದ ಬೇರು ಗುಡ್ಡಗಾಡಿನದು. ಕ್ಯೂಬಾದ ಜನರ ತಾಳ ಹೇಗೆ ಅಂತೀರಾ? ಎಂಟು ಎಣಿಕೆಯನ್ನು ನಾಲ್ಕು ನಾಲ್ಕಾಗಿ ಕತ್ತರಿಸದೆ ಮೂರು, ಮೂರು, ಎರಡು ಅಂತ ಒಡೆಯಿರಿ. ಮೇಜಿನ ಮೇಲೆ ತಟ್ಟಿ ನೋಡಿ. ಕಾಲು ಸುಮ್ಮನಿರುವುದಿಲ್ಲ. ಇದು ತಿಳಿದ ಮಗುವಿಗೆ ಬೀದಿಯ ಡೋಲು ಗಲಾಟೆ ಅಂತ ಕೇಳಿಸುವುದಿಲ್ಲ. ಅದರ ಲೆಕ್ಕ ಎಷ್ಟು ಕಷ್ಟದ್ದು ಅಂತ ಬೆರಳಿಗೇ ಗೊತ್ತಾಗಿರುತ್ತದೆ.

ಕಾಲವನ್ನೂ ನೆನೆಯಬೇಕು. 1961ರಲ್ಲಿ ಕ್ಯೂಬಾದ ಎಳೆಯ ಹುಡುಗ ಹುಡುಗಿಯರು ಲಾಟೀನು ಹಿಡಿದು ಹಳ್ಳಿಗಳಿಗೆ ಹೋದರು. ಸುಮಾರು ಏಳು ಲಕ್ಷ ಜನ ಓದು ಬರಹ ಕಲಿತರು. 1969ರಲ್ಲಿ ಅಲ್ಲಿನ ಸಿನಿಮಾ ಸಂಸ್ಥೆಯಲ್ಲಿ ಬ್ರೌವರ್ ಒಂದು ಸಂಗೀತ ತಂಡ ಕಟ್ಟಿದ. ಸಿಲ್ವಿಯೋ ರೊದ್ರಿಗೇಸ್, ಪಾಬ್ಲೋ ಮಿಲಾನೇಸರಂಥ ಹಾಡುಗಾರರಿಗೆ ಅಲ್ಲಿ ಶಾಸ್ತ್ರ ಹೇಳಿಕೊಟ್ಟ. ಶಾಸ್ತ್ರ ಬಚ್ಚಿಡುವ ಗಂಟಲ್ಲ, ಬಿಚ್ಚಿ ಹಂಚುವ ಬುತ್ತಿ ಅಂತ ತೋರಿಸಿದ. ನಾನು ಅವನನ್ನು ಮೆಚ್ಚುವುದು ಇಲ್ಲಿ.

ನನ್ನ ತಕರಾರೂ ಇದೆ. 1981ರ ‘ಕಪ್ಪು ಡೆಕಾಮೆರಾನ್’ ಅವನ ದೊಡ್ಡ ಕೃತಿಗಳಲ್ಲಿ ಒಂದು. ಜರ್ಮನಿಯ ಫ್ರೊಬೇನಿಯಸ್ ಸಂಗ್ರಹಿಸಿದ ಆಫ್ರಿಕಾದ ಕಥೆಗಳು ಅದಕ್ಕೆ ಮೂಲ. ಅದರ ಮೊದಲ ಭಾಗ ಕತ್ತಿ ಬಿಟ್ಟು ಹಾರ್ಪ್ ವಾದ್ಯ ನುಡಿಸಬಯಸಿ, ಕುಲದಿಂದ ಹೊರಹಾಕಿಸಿಕೊಂಡ ಯೋಧನದು. ಎದೆ ಕಲಕುವ ಸಂಗೀತ, ಸುಳ್ಳಲ್ಲ. ಆದರೆ ಕೃತಿಯ ಪರಿಚಯ ಬರೆಯುವವರು ಸಂಗ್ರಹಿಸಿದವನ ಹೆಸರು ಹೇಳುತ್ತಾರೆ, ರಚಿಸಿದವನ ಹೆಸರು ಹೇಳುತ್ತಾರೆ. ಕಥೆ ಹೇಳಿದ ಬಾಯಿ ಯಾವುದು? ಕ್ರಾಂತಿಯ ಸರ್ಕಾರವೂ ಅಷ್ಟೇ. ಡೋಲಿನ ಕುಣಿತವನ್ನು ವೇದಿಕೆಗೆ ತಂದರೂ ಡೋಲಿನವರ ದೇವರು, ಪೂಜೆಗಳನ್ನು ಬಹುಕಾಲ ಅನುಮಾನದಿಂದಲೇ ನೋಡಿತು. ತಾಳ ಬೇಕು, ತಾಳದವನ ಬದುಕು ಬೇಡ ಅನ್ನುವ ಬುದ್ಧಿ ಎಲ್ಲ ದೇಶದಲ್ಲೂ ಇದೆ.

ನಮ್ಮೂರುಗಳಲ್ಲಿ ಸಾವಿಗೂ ತಮಟೆ ಬೇಕು, ಜಾತ್ರೆಗೂ ತಮಟೆ ಬೇಕು. ಬಡಿಯುವವನು ಮಾತ್ರ ಹೊರಗೇ ನಿಲ್ಲಬೇಕು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳಿಗೆ ಪಂಚೆ ಉಡಿಸಿ, ತಲೆಗೆ ರುಮಾಲು ಸುತ್ತಿ ಜಾನಪದ ಕುಣಿತ ಮಾಡಿಸುವುದು ಸುಲಭ. ಅದು ವೇಷ. ಹೊಡೆತಗಳ ಲೆಕ್ಕವನ್ನು ಪಾಠವಾಗಿ ಕಲಿಸುವುದು ಬೇರೆ. ಬ್ರೌವರ್ ಎರಡನೆಯದನ್ನು ಮಾಡಿದ, ಅರ್ಧ ದಾರಿ ನಡೆದ. ಮೇಷ್ಟ್ರುಗಳೇ, ಮಿಕ್ಕರ್ಧ ನಮ್ಮದು. ತಮಟೆಯ ಪಾಠ ಶಾಲೆಯೊಳಕ್ಕೆ ಬರುವ ದಿನ ಅದನ್ನು ಹೇಳಿಕೊಡಲು ತಮಟೆಯವನೇ ಬರಲಿ. ಅವನಿಗೂ ಒಂದು ಕುರ್ಚಿ ಹಾಕಿ.